ಹಳೆಯ ಕಾರಿನ ಬ್ರೇಕ್ ಆಯಿಲ್: ಆಯ್ಕೆ ಮತ್ತು ಬದಲಾವಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್‌ನಂಥ ಕಾರುಗಳನ್ನು ಹೊಸದಾಗಿ ಕಟ್ಟಿಸಿಕೊಂಡವರು ಬಣ್ಣ, ಕ್ರೋಮ್, ಸೀಟಿನ ಬಟ್ಟೆಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಬ್ರೇಕ್ ಆಯಿಲ್‌ನ ಮಾತು ಮಾತ್ರ ಕೊನೆಯ ದಿನ, ಅದೂ ಅವಸರದಲ್ಲಿ, ಬರುತ್ತದೆ. ಕಾರಿನವರ ಭೇಟಿಗಳಲ್ಲಿ, ಪತ್ರಗಳಲ್ಲಿ, ದೂರವಾಣಿಯಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಉತ್ತರಗಳು ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಓಡಿದ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಡ್ರಮ್ ಎಂದರೆ ಚಕ್ರದೊಂದಿಗೆ ತಿರುಗುವ ಲೋಹದ ಡಬ್ಬಿ; ಲೈನಿಂಗ್ ಎಂಬ ಉಜ್ಜುವ ಪದರವಿರುವ ಬಾಗಿದ ಬ್ರೇಕ್ ಶೂಗಳು ಅದರ ಒಳಗೋಡೆಗೆ ಒತ್ತಿದಾಗ ಚಕ್ರ ನಿಲ್ಲುತ್ತದೆ.

## ಮೊದಲು ತಿಳಿಯಬೇಕಾದದ್ದು

ಎಲ್ಲರೂ ಬ್ರೇಕ್ ಆಯಿಲ್ ಅಂತಾರೆ. ಅದು ನಿಜವಾಗಿ ಎಣ್ಣೇನಾ?

ಅಲ್ಲ. ಗ್ಯಾರೇಜಿನ ಮಾತಿನಲ್ಲಿ ಅದಕ್ಕೆ ಆಯಿಲ್ ಎಂಬ ಹೆಸರು ನಿಂತುಬಿಟ್ಟಿದೆ, ಈ ಬರಹದಲ್ಲಿಯೂ ಅದೇ ಹೆಸರನ್ನು ಬಳಸುತ್ತೇನೆ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬ್ರೇಕ್ ಆಯಿಲ್ ಪೆಟ್ರೋಲಿಯಂನ ಎಣ್ಣೆಯಲ್ಲ. ಗ್ಲೈಕಾಲ್ ಈಥರ್ ಎಂಬ ಜಾತಿಯ ರಾಸಾಯನಿಕಗಳಿಂದ ಮಾಡಿದ ದ್ರವ. ಎಣ್ಣೆ ನೀರಿನೊಂದಿಗೆ ಬೆರೆಯುವುದಿಲ್ಲ, ಇದು ಬೆರೆಯುತ್ತದೆ. ಈ ವ್ಯತ್ಯಾಸ ಬರಿಯ ಹೆಸರಿನದಲ್ಲ. ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಮತ್ತು ಆ ಒತ್ತಡದಿಂದ ಚಕ್ರದಲ್ಲಿ ಬ್ರೇಕ್ ಶೂಗಳನ್ನು ದೂಡುವ ವ್ಹೀಲ್ ಸಿಲಿಂಡರ್‌ಗಳ ಒಳಗಿರುವ, ದ್ರವ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳನ್ನು ಈ ದ್ರವಕ್ಕೆ ಹೊಂದುವಂತೆ ಮಾಡಿರುತ್ತಾರೆ. ಅದೇ ರಬ್ಬರ್‌ಗೆ ಇಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್, ಡೀಸೆಲ್ ಅಥವಾ ಸೀಮೆಎಣ್ಣೆ ತಗುಲಿದರೆ ಅದು ಊದಿಕೊಂಡು ಮೆತ್ತಗಾಗಿ ಸಿಲಿಂಡರಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದಿನ ಅರ್ಧಕ್ಕೂ ಹೆಚ್ಚು ಪ್ರಶ್ನೆಗಳ ಉತ್ತರ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ: ದ್ರವವನ್ನು ಆರಿಸಬೇಕಾದದ್ದು ಒಳಗಿರುವ ರಬ್ಬರನ್ನು ನೋಡಿ.

ನನ್ನ ಗಾಡಿ ವರ್ಷಕ್ಕೆ ಐನೂರು ಕಿಲೋಮೀಟರೂ ಓಡಲ್ಲ. ಓಡದೇ ಇರೋ ಗಾಡಿಗೆ ಬ್ರೇಕ್ ಆಯಿಲ್ ಯಾಕೆ ಬದಲಿಸಬೇಕು?

ಓಡದೆ ನಿಂತ ಗಾಡಿಗೇ ಅದು ಹೆಚ್ಚು ಅಗತ್ಯ. ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ದ್ರವ ತುಂಬಿಡುವ ರಿಸರ್ವಾಯರ್ ಎಂಬ ಡಬ್ಬಿಯ ಮುಚ್ಚಳದಲ್ಲಿ ಗಾಳಿ ಆಡಲು ಬಿಟ್ಟಿರುವ ಸಣ್ಣ ರಂಧ್ರದಿಂದ, ಚಕ್ರಗಳಿಗೆ ಹೋಗುವ ರಬ್ಬರ್ ಹೋಸ್‌ಗಳ ಗೋಡೆಯಿಂದ, ತೇವ ನಿಧಾನವಾಗಿ ಒಳಗೆ ಸೇರುತ್ತಲೇ ಇರುತ್ತದೆ. ಅದಕ್ಕೆ ಓಡೋಮೀಟರಿನ ಲೆಕ್ಕ ಬೇಕಾಗಿಲ್ಲ. ನೀರು ಸೇರಿದ ದ್ರವ ಬೇಗ ಕುದಿಯುತ್ತದೆ ಎಂಬುದು ಒಂದು ಅಪಾಯ. ನಿಂತ ಕಾರಿನಲ್ಲಿ ಅದಕ್ಕಿಂತ ಮೊದಲು ಕಾಣಿಸುವುದು ತುಕ್ಕು. ಎರಕದ ಕಬ್ಬಿಣದ ವ್ಹೀಲ್ ಸಿಲಿಂಡರಿನಲ್ಲಿ ಪಿಸ್ಟನ್ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕುಳಿತರೆ ಅಲ್ಲಿಯೇ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ, ಮುಂದೆ ರಬ್ಬರ್ ಕಪ್ ಆ ಗುಳಿಗಳ ಮೇಲೆ ಉಜ್ಜಿ ಹರಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಎಲ್ಲೆಡೆ ಒಪ್ಪಿರುವ ರೂಢಿ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಅಥವಾ ಮಲೆನಾಡಿನ ಮಳೆಯಲ್ಲಿ ಇರುವ ಕಾರಿಗೆ ಪ್ರತಿ ವರ್ಷ, ಮಳೆಗಾಲ ಮುಗಿದ ಮೇಲೆ, ಬದಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಡಾಟ್ 3, 4, 5, 5.1 ಅಂತ ಬರೆದಿರುತ್ತಲ್ಲ, ನಂಬರ್ ದೊಡ್ಡದಾದಷ್ಟು ಆಯಿಲ್ ಒಳ್ಳೇದಾ?

ಡಾಟ್ ಎಂಬುದು ಅಮೆರಿಕದ ಸಾರಿಗೆ ಇಲಾಖೆಯ ಹೆಸರಿನ ಮೊದಲಕ್ಷರಗಳು. ಆ ದೇಶದ ಸುರಕ್ಷತಾ ಮಾನದಂಡ 116ರಲ್ಲಿ ಈ ದರ್ಜೆಗಳಿಗೆ ಕನಿಷ್ಠ ಕುದಿಬಿಂದುಗಳನ್ನು ನಿಗದಿ ಮಾಡಿದ್ದಾರೆ. ಆಗಷ್ಟೇ ತೆರೆದ ಬಾಟಲಿಯ ಹೊಸ ದ್ರವಕ್ಕೆ ಒಂದು ಅಂಕಿ, ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ದ್ರವಕ್ಕೆ ಇನ್ನೊಂದು. ಡಾಟ್ 3ಕ್ಕೆ ಇವು 205 ಮತ್ತು 140 ಡಿಗ್ರಿ ಸೆಲ್ಸಿಯಸ್. ಡಾಟ್ 4ಕ್ಕೆ 230 ಮತ್ತು 155. ಡಾಟ್ 5 ಮತ್ತು ಡಾಟ್ 5.1 ಎರಡಕ್ಕೂ 260 ಮತ್ತು 180.

ಅಂಕಿಗಳನ್ನು ಮಾತ್ರ ನೋಡಿದರೆ ದೊಡ್ಡದೇ ಮೇಲು ಎನಿಸುತ್ತದೆ. ಆದರೆ ಡಾಟ್ 3, 4 ಮತ್ತು 5.1 ಒಂದೇ ಕುಲದ ಗ್ಲೈಕಾಲ್ ದ್ರವಗಳು, ಡಾಟ್ 5 ಮಾತ್ರ ಸಿಲಿಕೋನ್. 5ಕ್ಕೂ 5.1ಕ್ಕೂ ನಡುವೆ ಇರುವುದು ಒಂದು ಚುಕ್ಕಿಯ ಅಂತರ ಎಂದು ತಿಳಿದು ಒಂದರ ಬದಲು ಇನ್ನೊಂದನ್ನು ತಂದವರನ್ನು ಕಂಡಿದ್ದೇನೆ. ಇಷ್ಟು ಗೊಂದಲಕ್ಕೆ ಎಡೆಮಾಡುವ ಹೆಸರಿಡಬಾರದಿತ್ತು. ಗುರುತು ಹಿಡಿಯಲು ಒಂದು ಸುಲಭ ಉಪಾಯವಿದೆ: ಆ ಮಾನದಂಡದ ಪ್ರಕಾರ ಡಾಟ್ 5 ನೇರಳೆ ಬಣ್ಣದಲ್ಲಿರಬೇಕು, ಉಳಿದವು ಬಣ್ಣವಿಲ್ಲದೆ ಅಥವಾ ತಿಳಿಜೇನಿನ ಬಣ್ಣದಲ್ಲಿರಬೇಕು.

ಆಯಿಲ್ ಕಪ್ಪಗಾದಾಗ ಬದಲಿಸಿದರೆ ಸಾಲದೇ?

ಸಾಲದು. ಬಣ್ಣ ರಬ್ಬರಿನ ಸವಕಳಿಯಿಂದ, ಬಿಸಿಯಿಂದ, ಲೋಹದ ಅಂಶ ಕರಗುವುದರಿಂದ ಬದಲಾಗುತ್ತದೆ. ಸೇರಿರುವ ನೀರಿಗೆ ಬಣ್ಣವಿಲ್ಲ. ತಿಳಿಯಾಗಿ ಕಾಣುವ ದ್ರವದಲ್ಲಿ ಸಾಕಷ್ಟು ನೀರು ಇರಬಹುದು. ಕಪ್ಪಾದ ದ್ರವವನ್ನು ಕಂಡರೆ ಬದಲಿಸಿ, ಬೆಳ್ಳಗಿದೆ ಎಂಬ ಕಾರಣಕ್ಕೆ ಮಾತ್ರ ಬಿಡಬೇಡಿ. ದೀಪ ಹೊತ್ತುವ ಪೆನ್ನಿನಂಥ ಪರೀಕ್ಷಕಗಳು ವಿದ್ಯುತ್ ವಾಹಕತೆಯನ್ನು ಅಳೆದು ನೀರನ್ನು ಅಂದಾಜು ಮಾಡುತ್ತವೆ. ದ್ರವವನ್ನು ನಿಜವಾಗಿ ಕುದಿಸಿ ನೋಡುವ ಉಪಕರಣವೇ ಹೆಚ್ಚು ನಂಬಿಕೆಗೆ ಅರ್ಹ. ಎರಡೂ ಇಲ್ಲದವರಿಗೆ ಕ್ಯಾಲೆಂಡರ್ ಸಾಕು. ಮಾಡಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಭಾಗಕ್ಕೆ ಅಂಟಿಸಿಡಿ.

## ಯಾವುದನ್ನು ಆರಿಸಬೇಕು

ನಂದು ಪದ್ಮಿನಿ, ನಮ್ಮ ಮಾವನವರದು ಅಂಬಾಸಡರ್. ಎರಡಕ್ಕೂ ಒಂದೇ ಆಯಿಲ್ ಹಾಕಬಹುದಾ?

ಸಿಲಿಂಡರ್‌ಗಳ ರಬ್ಬರ್ ಕಿಟ್‌ಗಳು ಈಚಿನವಾಗಿದ್ದರೆ ಎರಡಕ್ಕೂ ಒಳ್ಳೆಯ ಹೆಸರಿನ ಡಾಟ್ 4 ಹಾಕಬಹುದು, ಅದೇ ನನ್ನ ಮೊದಲ ಸಲಹೆ. ಪದ್ಮಿನಿ ಮೂಲದಲ್ಲಿ ಫಿಯಟ್ 1100 ಡಿ, ಅಂಬಾಸಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ. ವಿನ್ಯಾಸದ ದೇಶ ಬೇರೆಯಾದರೂ ಬ್ರೇಕ್ ದ್ರವದ ಮಟ್ಟಿಗೆ ಎರಡೂ ಗ್ಲೈಕಾಲ್ ಬಳಸುವ ಕಾರುಗಳೇ. ಡಾಟ್ 3 ಹಾಕಿದರೆ ತಪ್ಪೇನಿಲ್ಲ, ಊರೊಳಗಿನ ಓಡಾಟಕ್ಕೆ ಅದು ಸಾಕು. ಆದರೆ ತೇವ ಸೇರಿದ ಮೇಲೂ ಹದಿನೈದು ಡಿಗ್ರಿ ಹೆಚ್ಚು ತಾಳುವ ಡಾಟ್ 4 ಅದೇ ಅಂಗಡಿಯಲ್ಲಿ ಸಿಗುವಾಗ ಅದನ್ನು ಬಿಡಲು ಕಾರಣ ಕಾಣುವುದಿಲ್ಲ. ಡಾಟ್ 5.1 ಕೂಡ ಹೊಂದುತ್ತದೆ. ಅದರ ತೆಳುತನದ ಲಾಭ ಸಿಗುವುದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರುಗಳಿಗೆ ಮತ್ತು ಕೊರೆಯುವ ಚಳಿಯ ದೇಶಗಳಿಗೆ. ನಮ್ಮ ಡ್ರಮ್ ಬ್ರೇಕಿನ ಕಾರುಗಳಿಗೆ ಆ ಲಾಭದ ಅಗತ್ಯವಿಲ್ಲ.

ಹೆರಾಲ್ಡ್‌ನಂತೆ ಕ್ಲಚ್ಚಿಗೂ ಹೈಡ್ರಾಲಿಕ್ ಇರುವ ಕಾರಾದರೆ ಅದಕ್ಕೂ ಇದೇ ದ್ರವ, ಮತ್ತು ಅದನ್ನೂ ಜೊತೆಯಲ್ಲೇ ಬದಲಿಸಬೇಕು. ಬ್ರೇಕಿಗೆ ಹೊಸದು ಹಾಕಿ ಕ್ಲಚ್ಚನ್ನು ಮರೆಯುವವರೇ ಹೆಚ್ಚು.

ಅಜ್ಜನ ಕಾಲದ ಕಾರು, ಒಳಗಿನ ರಬ್ಬರ್ ಯಾವ ಕಾಲದ್ದೋ ಗೊತ್ತಿಲ್ಲ. ಹೊಸ ಆಯಿಲ್ ಹಾಕಿದರೆ ರಬ್ಬರ್ ಹಾಳಾಗುತ್ತೆ ಅಂತ ಹಳೇ ಮೆಕ್ಯಾನಿಕ್ ಹೇಳಿದ್ರು. ನಿಜಾನಾ?

ಆ ಹಿರಿಯರ ಮಾತಿನಲ್ಲಿ ಹುರುಳಿದೆ. 1950ರ ದಶಕದ ಬ್ರಿಟಿಷ್ ಕಾರುಗಳ ಬ್ರೇಕ್ ಸೀಲುಗಳು ನೈಸರ್ಗಿಕ ರಬ್ಬರಿನವು, ಆ ಕಾಲದ ದ್ರವಗಳಲ್ಲಿ ಹರಳೆಣ್ಣೆಯ ಪಾಲು ಇರುತ್ತಿತ್ತು. ಮುಂದೆ ಸಿಂಥೆಟಿಕ್ ರಬ್ಬರ್ ಬಂತು, ದ್ರವಗಳೂ ಅದಕ್ಕೆ ತಕ್ಕಂತೆ ಬದಲಾದವು. ಹೀಗಾಗಿ ಎಷ್ಟೋ ದಶಕಗಳಿಂದ ಬಿಚ್ಚದ ಸಿಲಿಂಡರಿಗೆ ಇಂದಿನ ದ್ರವ ಸುರಿದರೆ ಹಳೆಯ ರಬ್ಬರ್ ಮೆತ್ತಗಾಗಿ ಕರಿಯ ಕೊಳೆ ಬಿಡುವುದುಂಟು.

ಆದರೆ ಇದಕ್ಕೆ ಪರಿಹಾರ ಹಳೆಯ ದ್ರವವನ್ನು ಹುಡುಕುತ್ತ ಅಲೆಯುವುದಲ್ಲ, ರಬ್ಬರನ್ನು ಬದಲಿಸುವುದು. ಯಾವ ಕಾಲದ್ದೆಂದು ತಿಳಿಯದ ರಬ್ಬರಿನ ಮೇಲೆ ಪ್ರಾಣದ ಭಾರ ಹಾಕಬಾರದು. ಮಾಸ್ಟರ್ ಸಿಲಿಂಡರ್, ಎಲ್ಲ ವ್ಹೀಲ್ ಸಿಲಿಂಡರ್, ಎಲ್ಲ ಹೋಸ್‌ಗಳು ಒಂದೇ ಸಲ ಹೊಸದಾಗಲಿ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಹಳೆಯ ಬಿಡಿಭಾಗಗಳ ಅಂಗಡಿಯಲ್ಲಿ ಮೂವತ್ತು ನಲವತ್ತು ವರ್ಷದಿಂದ ಪೊಟ್ಟಣ ಒಡೆಯದೆ ಇಟ್ಟಿರುವ ಅಸಲಿ ಕಿಟ್ ಸಿಕ್ಕರೆ ಸಂಗ್ರಹಕಾರರಿಗೆ ಸಂಭ್ರಮವಾಗುತ್ತದೆ. ಪೊಟ್ಟಣವನ್ನು ಕಪಾಟಿನಲ್ಲಿ ಇಟ್ಟುಕೊಳ್ಳಿ, ಕಾರಿಗೆ ಹಾಕಬೇಡಿ. ಬಳಸದೆ ಇಟ್ಟ ರಬ್ಬರಿಗೂ ವಯಸ್ಸಾಗುತ್ತದೆ.

ಸಿಲಿಕೋನ್ ಆಯಿಲ್ ಹಾಕಿಬಿಟ್ಟರೆ ಜೀವನಪೂರ್ತಿ ನೋಡಬೇಕಿಲ್ಲ ಅಂತಾರೆ. ಹಾಕಿಸಲಾ?

ಇದು ಕ್ಲಾಸಿಕ್ ಕಾರಿನವರಲ್ಲಿ ಬಹಳ ವಾದಕ್ಕೆ ಕಾರಣವಾಗುವ ಪ್ರಶ್ನೆ, ಎರಡೂ ಕಡೆ ನ್ಯಾಯವಿದೆ. ಡಾಟ್ 5 ತೇವವನ್ನು ಹೀರುವುದಿಲ್ಲ, ಕಾರಿನ ಪೇಂಟನ್ನು ಸುಡುವುದಿಲ್ಲ, ವರ್ಷಗಟ್ಟಲೆ ನಿಂತರೂ ಸಿಲಿಂಡರಿನ ಒಳಗೋಡೆಯನ್ನು ಕಾಪಾಡುತ್ತದೆ. ಅಮೆರಿಕದ ಸೇನೆ 1980ರ ದಶಕದಲ್ಲಿ ತನ್ನ ವಾಹನಗಳಿಗೆ ಇದನ್ನು ಆರಿಸಿಕೊಂಡಾಗಲೂ ದೀರ್ಘಕಾಲ ನಿಲ್ಲುವ ವಾಹನಗಳ ಕ್ಷೇಮವೇ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಸಂಗ್ರಹಾಲಯದಲ್ಲಿ ಇಟ್ಟಂತೆ ಇಡುವ, ವರ್ಷಕ್ಕೆರಡು ಬಾರಿ ಮೆರವಣಿಗೆಗೆ ಹೊರಡುವ ಕಾರಿಗೆ ಇದು ಒಳ್ಳೆಯ ಆಯ್ಕೆಯಾಗಬಲ್ಲದು.

ಇನ್ನೊಂದು ಮುಖವನ್ನೂ ನೋಡಬೇಕು. ತೇವವನ್ನು ಹೀರುವುದಿಲ್ಲವೆಂದರೆ ತೇವ ಒಳಗೆ ಬರುವುದೇ ಇಲ್ಲವೆಂದು ಅರ್ಥವಲ್ಲ. ಒಳಗೆ ಸೇರಿದ ನೀರು ಬೆರೆಯದೆ ಹನಿಯಾಗಿ ತಗ್ಗಿನ ಜಾಗಕ್ಕೆ, ಅಂದರೆ ವ್ಹೀಲ್ ಸಿಲಿಂಡರಿಗೆ, ಇಳಿದು ಅಲ್ಲಿ ತುಕ್ಕು ಹಿಡಿಸುತ್ತದೆ. ಬಿಸಿಯಾದಾಗ ಆ ಹನಿ ನೀರಿನ ಕುದಿಬಿಂದುವಿನಲ್ಲೇ ಆವಿಯಾಗುತ್ತದೆ. ಸಿಲಿಕೋನ್ ತನ್ನೊಳಗೆ ಗಾಳಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳುವುದರಿಂದ ಪೆಡಲ್ ಸ್ವಲ್ಪ ಮೆತ್ತಗಿರುತ್ತದೆ, ಬ್ಲೀಡ್ ಮಾಡುವಾಗ, ಅಂದರೆ ಒಳಗಿನ ಗಾಳಿಯನ್ನು ಹೊರದೂಡುವಾಗ, ತಾಳ್ಮೆ ಬೇಕು. ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಲೈಟ್ ಸ್ವಿಚ್‌ಗಳು ಸಿಲಿಕೋನಿನಲ್ಲಿ ಬೇಗ ಕೈಕೊಡುತ್ತವೆಂಬುದು ಬ್ರಿಟಿಷ್ ಕಾರುಗಳ ಮಾಲೀಕರ ಹಳೆಯ ದೂರು. ಅದಕ್ಕಿಂತ ಮುಖ್ಯವಾಗಿ, ಮುಂದೊಂದು ದಿನ ದಾರಿಯಲ್ಲಿ ಲೆವೆಲ್ ಇಳಿದಾಗ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದ ಡಾಟ್ 3 ಸುರಿಯುವ ಸಾಧ್ಯತೆ ನಮ್ಮಲ್ಲಿ ಬಹಳ. ಆದ್ದರಿಂದ ಓಡಿಸುವ ಕಾರಿಗೆ ನಾನು ಸಿಲಿಕೋನ್ ಹೇಳುವುದಿಲ್ಲ. ಹಾಕಿಯೇ ತೀರುತ್ತೇನೆನ್ನುವವರು ಎಲ್ಲ ರಬ್ಬರ್ ಹೊಸದಾಗಿ, ಪೈಪುಗಳು ಒಣಗಿ ಸ್ವಚ್ಛವಾಗಿರುವ ಹೊತ್ತಿನಲ್ಲಿ, ಅಂದರೆ ಕಾರನ್ನು ಕಟ್ಟುವಾಗಲೇ, ಹಾಕಿಸಿ ರಿಸರ್ವಾಯರಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿಡಬೇಕು.

ಒಳಗೆ ಡಾಟ್ 3 ಇದೆ, ಕೈಯಲ್ಲಿ ಡಾಟ್ 4 ಇದೆ. ಮೇಲಿಂದ ಸ್ವಲ್ಪ ಸೇರಿಸಿದರೆ ಮೊಸರಿನ ಹಾಗೆ ಒಡೆಯುತ್ತಾ?

ಒಡೆಯುವುದಿಲ್ಲ. ಡಾಟ್ 3, 4, 5.1 ಒಂದರೊಡನೊಂದು ಬೆರೆಯುವಂತೆಯೇ ಮಾಡಿರುವ ದ್ರವಗಳು. ಬೆರೆತ ಮೇಲೆ ಒಟ್ಟು ದ್ರವದ ಗುಣ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಅಷ್ಟೆ. ಬೆರೆಸಬಾರದ್ದು ಸಿಲಿಕೋನನ್ನು. ಗ್ಲೈಕಾಲ್ ಮತ್ತು ಸಿಲಿಕೋನ್ ಬೆರೆಯದೆ ಪದರ ಪದರವಾಗಿ ನಿಲ್ಲುತ್ತವೆ, ಎರಡರ ಒಳ್ಳೆಯ ಗುಣವೂ ಉಳಿಯುವುದಿಲ್ಲ.

ಎಷ್ಟು ತರಬೇಕು? ಹೋದ ವರ್ಷದ ಅರ್ಧ ಬಾಟಲಿ ಮನೇಲಿದೆ, ಅದೇ ನಡೆಯುತ್ತಾ?

ಪೂರ್ತಿ ಹಳೆಯದನ್ನು ಹೊರದೂಡಿ ಹೊಸದು ತುಂಬಲು ಒಂದು ಲೀಟರ್ ಇಟ್ಟುಕೊಳ್ಳಿ, ಅರ್ಧ ಲೀಟರಿನ ಎರಡು ಬಾಟಲಿಗಳಾದರೆ ಉತ್ತಮ; ಎರಡನೆಯದನ್ನು ಅಗತ್ಯ ಬಿದ್ದಾಗ ಮಾತ್ರ ಒಡೆಯಬಹುದು. ಒಮ್ಮೆ ತೆರೆದ ಬಾಟಲಿಯನ್ನು ಮತ್ತೆ ಮುಚ್ಚಿದ್ದರೂ ಅದರೊಳಗಿನ ಗಾಳಿಯ ತೇವ ದ್ರವಕ್ಕೆ ಸೇರುತ್ತದೆ. ಹೋದ ವರ್ಷದ ಅರ್ಧ ಬಾಟಲಿಯಿಂದ ಸಿಲಿಂಡರಿನ ಭಾಗಗಳನ್ನು ತೊಳೆಯಿರಿ, ತುಂಬಲು ಬಳಸಬೇಡಿ. ಹೊರತೆಗೆದ ಹಳೆಯ ದ್ರವವನ್ನು ತಿಳಿಯಾಗಿದೆಯೆಂದು ಮತ್ತೆ ಸುರಿಯುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ಕೂಡಲೇ ಬಿಡಬೇಕು. ಮೋರಿಗೂ ಗಿಡದ ಬುಡಕ್ಕೂ ಅದನ್ನು ಸುರಿಯಬೇಡಿ. ಗುರುತು ಬರೆದ ಡಬ್ಬಿಯಲ್ಲಿ ತುಂಬಿ, ವ್ಯರ್ಥ ತೈಲವನ್ನು ಅಧಿಕೃತವಾಗಿ ಒಯ್ಯುವವರಿಗೆ ಕೊಡುವ ಗ್ಯಾರೇಜಿಗೆ, ಇಂಜಿನ್ ಆಯಿಲ್ ಜೊತೆ ಬೆರೆಸದೆ, ಒಪ್ಪಿಸಿ.

## ಬದಲಿಸುವ ಕೆಲಸ

ಮನೆಯಲ್ಲೇ ಮಾಡಿಕೊಳ್ಳಬಹುದಾ? ಯಾವ ಚಕ್ರದಿಂದ ಶುರು ಮಾಡಬೇಕು?

ಇಬ್ಬರಿದ್ದರೆ ಮಾಡಬಹುದು. ಬ್ರೇಕ್ ಶೂಗಳನ್ನು ಮೊದಲು ಸರಿಯಾಗಿ ಅಡ್ಜಸ್ಟ್ ಮಾಡಿಕೊಳ್ಳಿ. ಶೂ ಡ್ರಮ್ಮಿನಿಂದ ದೂರವಿದ್ದರೆ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಕೆಳಗೇ ಇರುತ್ತದೆ. ರಿಸರ್ವಾಯರಿನ ಮುಚ್ಚಳದ ಸುತ್ತ ಧೂಳನ್ನು ಒರೆಸಿದ ಮೇಲೆಯೇ ತೆರೆಯಿರಿ. ಮಾರಿಸ್ ಮೈನರ್‌ನಲ್ಲಿ ಮಾಸ್ಟರ್ ಸಿಲಿಂಡರ್ ಚಾಲಕನ ಕಾಲ ಕೆಳಗೆ, ನೆಲಹಾಸಿನ ಅಡಿಯಲ್ಲಿದೆ. ಅಲ್ಲಿ ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಅದು ನೇರವಾಗಿ ಸಿಲಿಂಡರಿಗೇ ಹೋಗುತ್ತದೆ.

ರಿಸರ್ವಾಯರಿನ ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ ತೆಗೆದು ಹೊಸದು ತುಂಬಿ. ಸಾಮಾನ್ಯ ನಿಯಮ, ಮಾಸ್ಟರ್ ಸಿಲಿಂಡರಿನಿಂದ ಪೈಪಿನ ಹಾದಿಯಲ್ಲಿ ಅತಿ ದೂರದ ಚಕ್ರ ಮೊದಲು, ಅತಿ ಹತ್ತಿರದ್ದು ಕೊನೆಗೆ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರುಗಳಲ್ಲಿ ಅದು ಬಹುಪಾಲು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದಾಗುತ್ತದೆ. ಆದರೆ ಕಾರಿನ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ನಡೆಯಬೇಕು. ವ್ಹೀಲ್ ಸಿಲಿಂಡರಿನಿಂದ ದ್ರವ ಹೊರಬಿಡುವ ಟೊಳ್ಳು ತಿರುಪಾದ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಗಾಜಿನ ಶೀಶೆಯಲ್ಲಿ ಮುಳುಗಿಸಿ. ಒಳಗೆ ಕುಳಿತವರು ನಿಧಾನವಾಗಿ ಪೆಡಲ್ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಬಿಡಿಸಿ ದ್ರವ ಹೊರಬಿಟ್ಟು ಮುಚ್ಚಬೇಕು, ನೀವು ಮುಚ್ಚಿದೆನೆಂದು ಹೇಳಿದ ಮೇಲೆಯೇ ಅವರು ಕಾಲು ಎತ್ತಬೇಕು. ಈ ಮಾತುಕತೆಯಲ್ಲಿ ಒಮ್ಮೆ ತಪ್ಪಿದರೂ ಗಾಳಿ ಒಳಗೆ ಸೇರುತ್ತದೆ. ಗುಳ್ಳೆ ನಿಂತರೆ ಸಾಲದು, ಹೊಸ ದ್ರವದ ಬಣ್ಣ ಕೊಳವೆಯಲ್ಲಿ ಕಾಣುವವರೆಗೆ ಪ್ರತಿ ಚಕ್ರದಲ್ಲೂ ಮುಂದುವರಿಸಿ. ಐದಾರು ಸಲ ಒತ್ತಿದ ಮೇಲೊಮ್ಮೆ ರಿಸರ್ವಾಯರ್ ನೋಡಿ ತುಂಬಿಸುತ್ತಿರಿ. ಅದು ಬರಿದಾದರೆ ಕೆಲಸ ಮೊದಲಿನಿಂದ ಶುರುವಾಗುತ್ತದೆ.

ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ನೆಲದಲ್ಲಿ ಉಳಿದ ಚಕ್ರಗಳಿಗೆ ಅಡೆ ಇಟ್ಟುಕೊಳ್ಳಿ.

ನಿಪ್ಪಲ್ ಅಲುಗಾಡ್ತಾ ಇಲ್ಲ. ಜೋರಾಗಿ ತಿರುಗಿಸಿದರೆ ಮುರಿಯುತ್ತೆ ಅನ್ನೋ ಭಯ.

ಆ ಭಯ ಸರಿಯಾದದ್ದೇ. ನಿಪ್ಪಲ್ ನಡುವೆ ಟೊಳ್ಳಾಗಿರುವುದರಿಂದ ಬೇಗ ಮುರಿಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನ ತಿರುಪಿನ ಎಳೆಗಳಿಗೆ ಬಿಟ್ಟು, ಮೆಲ್ಲಗೆ ಸುತ್ತಿಗೆಯಿಂದ ತಟ್ಟಿ ಬಿಡಿ. ಬಿಚ್ಚುವಾಗ ಬಾಯಿ ತೆರೆದ ಡಬಲ್ ಎಂಡ್ ಸ್ಪ್ಯಾನರ್ ಬೇಡ, ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಬಳಸಿ. ಬ್ರಿಟಿಷ್ ಮೂಲದ ಕಾರಿಗೆ ಇಂಚಿನ ಅಳತೆಯದು, ಫಿಯಟ್ ಮೂಲದ್ದಕ್ಕೆ ಮಿಲಿಮೀಟರಿನದು. ಬಿಡಿಸುವ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಅಲುಗಿಸಿದರೆ ತುಕ್ಕಿನ ಹಿಡಿತ ಒಡೆಯುವುದುಂಟು. ಇಷ್ಟಾದರೂ ಬಗ್ಗದಿದ್ದರೆ ಸಿಲಿಂಡರ್ ಬಿಚ್ಚಿ ಮೇಜಿನ ಮೇಲೆ ಕೆಲಸ ಮಾಡುವುದೇ ಕ್ಷೇಮ. ಹೊಸ ನಿಪ್ಪಲ್ಲಿಗೆ ರಬ್ಬರ್ ಟೋಪಿ ಹಾಕಿಡಿ, ಮುಂದಿನ ಸಲ ಈ ಪಾಡು ಇರುವುದಿಲ್ಲ.

ಬದಲಿಸಿದ ಮಾರನೇ ದಿನಾನೇ ಮಾಸ್ಟರ್ ಸಿಲಿಂಡರ್ ಲೀಕ್ ಆಗೋಕೆ ಶುರು ಆಯ್ತು. ಮುಂಚೆ ಚೆನ್ನಾಗೇ ಇತ್ತಲ್ಲ?

ಬಹುಮಟ್ಟಿಗೆ ಇದು ಹೊಸ ದ್ರವದ ದೋಷವಲ್ಲ, ಪೆಡಲನ್ನು ನೆಲ ಮುಟ್ಟುವಂತೆ ಒತ್ತಿದ್ದರ ಫಲ. ದಿನನಿತ್ಯ ಬ್ರೇಕ್ ಹಾಕುವಾಗ ಪಿಸ್ಟನ್ ಸಿಲಿಂಡರಿನ ಒಂದಿಷ್ಟು ಉದ್ದದಲ್ಲಿ ಮಾತ್ರ ಓಡಾಡಿ ಆ ಭಾಗವನ್ನು ನುಣುಪಾಗಿ ಇಟ್ಟಿರುತ್ತದೆ. ಅದರಾಚೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಬ್ಲೀಡ್ ಮಾಡುವಾಗ ನಿಪ್ಪಲ್ ತೆರೆದಿರುವುದರಿಂದ ಪೆಡಲ್ ಪೂರ್ತಿ ಕೆಳಗೆ ಹೋಗಿ ರಬ್ಬರ್ ಕಪ್ ಆ ಒರಟು ಭಾಗದ ಮೇಲೆ ಉಜ್ಜಿ ಸೀಳುತ್ತದೆ. ಇದನ್ನು ನಾನು ಕಲಿತದ್ದು ನನ್ನದೇ ಪದ್ಮಿನಿಯ ಮಾಸ್ಟರ್ ಸಿಲಿಂಡರನ್ನು ಹಾಳುಮಾಡಿಕೊಂಡು. ಅಂದಿನಿಂದ ಪೆಡಲಿನ ಕೆಳಗೆ ಎರಡು ಇಂಚಿನಷ್ಟು ದಪ್ಪದ ಮರದ ತುಂಡು ಇಟ್ಟುಕೊಂಡೇ ಈ ಕೆಲಸ ಮಾಡುತ್ತೇನೆ.

ಏರ್ ಎಲ್ಲಾ ತೆಗೆದಾಯ್ತು, ಆದರೂ ಪೆಡಲ್ ಸ್ಪಂಜಿನ ಹಾಗಿದೆ. ಎಲ್ಲಿ ತಪ್ಪಾಗಿರಬಹುದು?

ಮೊದಲು ಒಂದು ಭೇದವನ್ನು ಗಮನಿಸಿ. ಪೆಡಲ್ ಬಹಳ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತರೆ ಅದು ಶೂ ಅಡ್ಜಸ್ಟ್‌ಮೆಂಟಿನ ಸಮಸ್ಯೆ. ಎಲ್ಲಿಯೂ ಗಟ್ಟಿಯಾಗದೆ ಸ್ಪ್ರಿಂಗಿನಂತೆ ಆಡಿದರೆ, ಎರಡು ಮೂರು ಸಲ ಬೇಗಬೇಗ ಒತ್ತಿದಾಗ ಮೇಲೆ ಬಂದರೆ, ಗಾಳಿ ಉಳಿದಿದೆ. ಗಟ್ಟಿಯಾಗಿ ನಿಂತ ಪೆಡಲ್ ಕಾಲಿನಡಿಯಲ್ಲೇ ನಿಧಾನವಾಗಿ ಕುಸಿದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಕಪ್ ಒಳಗೊಳಗೇ ದ್ರವವನ್ನು ಹಿಂದಕ್ಕೆ ಬಿಡುತ್ತಿದೆ.

ಗಾಳಿ ಎಂದು ಖಚಿತವಾದರೆ ಒಂದು ರಾತ್ರಿ ಕಾರನ್ನು ಬಿಟ್ಟು ಬೆಳಿಗ್ಗೆ ಮತ್ತೆ ಬ್ಲೀಡ್ ಮಾಡಿ. ಸಣ್ಣ ಗುಳ್ಳೆಗಳು ಆ ಹೊತ್ತಿಗೆ ಒಂದುಗೂಡಿ ಮೇಲೆ ಬಂದಿರುತ್ತವೆ. ಎಡಬಲದ ವ್ಹೀಲ್ ಸಿಲಿಂಡರ್‌ಗಳನ್ನು ಅದಲುಬದಲು ಕೂರಿಸಿ ನಿಪ್ಪಲ್ ಕೆಳಗಡೆ ಬಂದಿದೆಯೇ ನೋಡಿ. ಹಾಗಿದ್ದರೆ ಮೇಲೆ ಸಿಕ್ಕಿದ ಗಾಳಿ ಯಾವ ಕಾಲಕ್ಕೂ ಹೊರಬರುವುದಿಲ್ಲ. ಪುನರ್ನಿರ್ಮಾಣ ಮಾಡಿದ ಕಾರುಗಳಲ್ಲಿ ಈ ತಪ್ಪು ಅಪರೂಪವಲ್ಲ. ಮುದಿಯಾದ ಹೋಸ್‌ಗಳು ಒತ್ತಡಕ್ಕೆ ಉಬ್ಬುವುದೂ ಇದೇ ಅನುಭವ ಕೊಡುತ್ತದೆ. ಒಬ್ಬರು ಪೆಡಲ್ ಒತ್ತಿದಾಗ ಇನ್ನೊಬ್ಬರು ಹೋಸನ್ನು ಬೆರಳುಗಳಿಂದ ಹಿಡಿದರೆ ಉಬ್ಬುವುದು ತಿಳಿಯುತ್ತದೆ.

ಹೊಸ ಪೇಂಟ್ ಮೇಲೆ ಬ್ರೇಕ್ ಆಯಿಲ್ ಚೆಲ್ಲಿತು. ಏನು ಮಾಡಲಿ?

ಉಜ್ಜಬೇಡಿ, ಕೂಡಲೇ ಧಾರಾಳವಾಗಿ ನೀರು ಸುರಿಯಿರಿ. ಗ್ಲೈಕಾಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಮೆತ್ತಗಾದ ಬಣ್ಣವೂ ಜೊತೆಗೆ ಬರುತ್ತದೆ. ಕೆಲಸಕ್ಕೆ ಮೊದಲು ಮಡ್‌ಗಾರ್ಡಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿರಿ.

ಸಿಲಿಂಡರ್ ಬಿಚ್ಚಿದಾಗ ಗ್ಯಾರೇಜಿನಲ್ಲಿ ಪೆಟ್ರೋಲಲ್ಲಿ ತೊಳೆದು ಕೂಡಿಸ್ತಾರೆ. ಬೇಡ ಅಂದರೆ ಎಲ್ಲರಿಗೂ ಹೀಗೇ ಮಾಡೋದು ಅಂತಾರೆ.

ಬೇಡವೆಂದೇ ಹೇಳಿ, ಅಲ್ಲೇ ನಿಂತು ನೋಡಿ. ಪೆಟ್ರೋಲ್, ಡೀಸೆಲ್‌ಗಳ ಅಂಶ ರಂಧ್ರಗಳಲ್ಲಿ ಉಳಿದು ಹೊಸ ರಬ್ಬರನ್ನು ಊದಿಸುತ್ತದೆ. ಹೊಸ ಕಿಟ್ ಹಾಕಿಸಿ ಕೆಲವೇ ತಿಂಗಳಲ್ಲಿ ಬ್ರೇಕ್ ಹಿಡಿದುಕೊಳ್ಳತೊಡಗಿತು ಎಂಬ ಎಷ್ಟೋ ದೂರುಗಳ ಮೂಲ ಈ ತೊಳೆಯುವ ತಟ್ಟೆಯಲ್ಲಿದೆ ಎಂದು ನನ್ನ ದೃಢವಾದ ನಂಬಿಕೆ. ತೊಳೆಯಲು ಐಸೋಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್ಲೇ ಸಾಕು. ಕೂಡಿಸುವಾಗ ರಬ್ಬರಿಗೆ ಹೊಸ ಬ್ರೇಕ್ ಆಯಿಲ್ ಸವರಬೇಕು, ಅಥವಾ ಬ್ರೇಕಿಗೆಂದೇ ಮಾಡಿದ ಕೆಂಪು ರಬ್ಬರ್ ಗ್ರೀಸ್. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸ್ ಅಲ್ಲವೇ ಅಲ್ಲ.

## ಆಳದ ಪ್ರಶ್ನೆಗಳು

ಲೆವೆಲ್ ಇಳೀತಾ ಇದೆ, ನೆಲದ ಮೇಲೆ ಒಂದು ಹನೀನೂ ಇಲ್ಲ. ಎಲ್ಲಿಗೆ ಹೋಗ್ತಿದೆ?

ಮುಂದೆ ಡಿಸ್ಕ್ ಬ್ರೇಕ್ ಇರುವ ಕಾರಿನಲ್ಲಿ ಪ್ಯಾಡ್ ಸವೆದಂತೆ ಲೆವೆಲ್ ತುಸು ಇಳಿಯುವುದು ಸಹಜ. ಕೈಯಿಂದ ಅಡ್ಜಸ್ಟ್ ಮಾಡುವ ನಾಲ್ಕು ಡ್ರಮ್ಮಿನ ಕಾರಿನಲ್ಲಿ ಲೆವೆಲ್ ಇಳಿಯಲು ಅಂಥ ಕಾರಣವಿಲ್ಲ, ಇಳಿದರೆ ಸೋರಿಕೆ ಇದೆ. ಡ್ರಮ್ಮಿನೊಳಗೆ ಸೋರಿದ್ದು ಎಷ್ಟೋ ದಿನ ಹೊರಗೆ ಕಾಣಿಸುವುದಿಲ್ಲ. ಡ್ರಮ್ ಬಿಚ್ಚಿ ವ್ಹೀಲ್ ಸಿಲಿಂಡರಿನ ಧೂಳಿನ ಟೋಪಿಯನ್ನು ಮೆಲ್ಲಗೆ ಸರಿಸಿ ಒಳಗೆ ಒದ್ದೆ ಇದೆಯೇ ನೋಡಬೇಕು. ಲೈನಿಂಗಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಹಿಂದಿನ ಚಕ್ರದಲ್ಲಿ ಒದ್ದೆ ಕಂಡರೆ ಅದು ಬ್ರೇಕ್ ಆಯಿಲ್ಲೋ ಆಕ್ಸಲ್‌ನ ಗೇರ್ ಆಯಿಲ್ಲೋ ಎಂಬ ಸಂದೇಹ ಬರುತ್ತದೆ. ಬೆರಳಿಗೆ ಹಚ್ಚಿಕೊಂಡು ನೀರಿಗೆ ಹಿಡಿಯಿರಿ: ಬ್ರೇಕ್ ಆಯಿಲ್ ನೀರಿನಲ್ಲೇ ಹೋಗುತ್ತದೆ, ಗೇರ್ ಆಯಿಲ್ ಜಿಡ್ಡಾಗಿ ಉಳಿಯುತ್ತದೆ, ಅದಕ್ಕೆ ಗಂಧಕದ ವಾಸನೆಯೂ ಇರುತ್ತದೆ. ಯಾವುದೇ ಆಗಲಿ, ನೆನೆದ ಶೂಗಳನ್ನು ಬದಲಿಸಬೇಕು. ಇಂಜಿನ್ನಿನ ಎಳೆತದಿಂದ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಇರುವ ಕಾರಾದರೆ ಇನ್ನೊಂದು ದಾರಿಯಿದೆ. ಸೀಲು ಹೋದ ಬೂಸ್ಟರಿನ ಮೂಲಕ ಇಂಜಿನ್ ಈ ದ್ರವವನ್ನು ಎಳೆದುಕೊಂಡು ಸುಡುತ್ತಿರಬಹುದು, ಸೈಲೆನ್ಸರಿನಿಂದ ಬಿಳಿಯ ಹೊಗೆ ಅದರ ಸುಳಿವು.

ಹತ್ತು ಕಿಲೋಮೀಟರ್ ಹೋದ ಮೇಲೆ ಬ್ರೇಕ್ ತಾನಾಗೇ ಹಿಡ್ಕೊಳ್ಳುತ್ತೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಿಡುತ್ತೆ. ಯಾಕೆ?

ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲ್ ಬಿಟ್ಟಾಗ ದ್ರವ ರಿಸರ್ವಾಯರಿಗೆ ಮರಳಲು ಒಂದು ಅತಿ ಸಣ್ಣ ರಂಧ್ರವಿದೆ. ಅದು ಕೊಳೆಯಿಂದ ಕಟ್ಟಿದರೆ, ಊದಿದ ಕಪ್ ಅದನ್ನು ಮುಚ್ಚಿದರೆ, ಅಥವಾ ಪೆಡಲಿಗೆ ಸ್ವಲ್ಪವೂ ಸಡಿಲ ಬಿಡದೆ, ಪೆಡಲಿನಿಂದ ಪಿಸ್ಟನ್ನನ್ನು ತಳ್ಳುವ ಪುಶ್‌ರಾಡ್ ಕಡ್ಡಿಯನ್ನು ಬಿಗಿಮಾಡಿದ್ದರೆ, ಬಿಸಿಗೆ ಹಿಗ್ಗಿದ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಅದೇ ಬ್ರೇಕ್ ಒತ್ತುತ್ತದೆ. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದರೆ ಇಲ್ಲಿಂದ ಹುಡುಕಿ, ಮೊದಲು ಪುಶ್‌ರಾಡಿನ ಸಡಿಲವನ್ನು ನೋಡಿ. ಒಂದೇ ಚಕ್ರ ಹಿಡಿದರೆ ಅದರ ಹೋಸನ್ನು ಸಂಶಯಿಸಿ: ಒಳಗೋಡೆ ಊದಿದ ಹೋಸ್ ಕಾಲಿನ ಒತ್ತಡಕ್ಕೆ ದ್ರವವನ್ನು ಬಿಡುತ್ತದೆ, ಸ್ಪ್ರಿಂಗಿನ ಅಲ್ಪ ಒತ್ತಡಕ್ಕೆ ಹಿಂದಕ್ಕೆ ಬಿಡುವುದಿಲ್ಲ. ಆ ಚಕ್ರದ ನಿಪ್ಪಲ್ ಬಿಡಿಸಿದ ಕೂಡಲೇ ದ್ರವ ಚಿಮ್ಮಿ ಚಕ್ರ ಸಡಿಲವಾದರೆ, ಮತ್ತು ಅದರ ಮೊದಲು ಮಾಸ್ಟರ್ ಸಿಲಿಂಡರಿನ ಪೈಪ್ ಬಿಡಿಸಿದಾಗ ಸಡಿಲವಾಗದಿದ್ದರೆ, ಹೋಸ್ ತಪ್ಪಿತಸ್ಥ. ಹೊರಗಿನಿಂದ ಅದು ಹೊಸದರಂತೆಯೇ ಕಾಣಬಹುದು.

ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟಿತು, ಕೆಳಗೆ ಬಂದು ಅರ್ಧ ಗಂಟೆ ನಿಂತ ಮೇಲೆ ಸರಿಹೋಯ್ತು. ಆಯಿಲ್ಲಿನ ತೊಂದರೆನಾ?

ಪೆಡಲ್ ಹೇಗಿತ್ತೆಂಬುದನ್ನು ನೆನಪಿಸಿಕೊಳ್ಳಿ. ಕಾಲಿಗೆ ಗಟ್ಟಿಯಾಗಿಯೇ ಸಿಕ್ಕು ಕಾರು ಮಾತ್ರ ನಿಲ್ಲದಿದ್ದರೆ, ಬಿಸಿಯಾದ ಲೈನಿಂಗ್ ಹಿಡಿತ ಕಳೆದುಕೊಂಡಿತ್ತು, ದ್ರವದ ದೋಷವಲ್ಲ. ಪೆಡಲ್ ಇದ್ದಕ್ಕಿದ್ದಂತೆ ನೆಲಕ್ಕೆ ಹೋಗಿದ್ದರೆ ದ್ರವದಲ್ಲಿನ ನೀರು ವ್ಹೀಲ್ ಸಿಲಿಂಡರಿನ ಬಿಸಿಗೆ ಆವಿಯಾಗಿತ್ತು. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿನ ಬಲವೆಲ್ಲ ಆ ಆವಿಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೊದಲಿನಂತಾಗುವುದರಿಂದ ಜನ ಇದನ್ನು ಮರೆತುಬಿಡುತ್ತಾರೆ. ದಯವಿಟ್ಟು ಮರೆಯಬೇಡಿ. ಅದು ಸರಿಹೋಗಿಲ್ಲ, ಮುಂದಿನ ಇಳಿಜಾರಿಗೆ ಕಾದಿದೆ.

ಆಗುಂಬೆಯ ಹದಿನಾಲ್ಕು ತಿರುವುಗಳನ್ನಾಗಲಿ ಚಾರ್ಮಾಡಿಯನ್ನಾಗಲಿ ಹಳೆಯ ಕಾರಿನಲ್ಲಿ ಇಳಿಯುವಾಗ ಹತ್ತುವಾಗ ಬಳಸುವಂಥ ಕೆಳಗಿನ ಗೇರಿನಲ್ಲೇ ಇರಬೇಕು, ಬ್ರೇಕನ್ನು ಸದಾ ಒತ್ತಿಕೊಂಡಿರದೆ ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ಪೆಡಲ್ ಹೋದಾಗ ಬೇಗಬೇಗ ಪಂಪ್ ಮಾಡಿದರೆ ಕೆಲವೊಮ್ಮೆ ಒಂದಿಷ್ಟು ಬ್ರೇಕ್ ಸಿಗುತ್ತದೆ. ಅದರ ಜೊತೆಗೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಹಂತಹಂತವಾಗಿ ಎಳೆಯಿರಿ.

ಡ್ರೈವರ್ ತಿಳಿಯದೆ ರಿಸರ್ವಾಯರಿಗೆ ಇಂಜಿನ್ ಆಯಿಲ್ ಹಾಕಿಬಿಟ್ಟ. ಫ್ಲಶ್ ಮಾಡಿದರೆ ಸಾಕಾ?

ಹಾಕಿದ ಕೂಡಲೇ ತಿಳಿದು, ಪೆಡಲನ್ನು ಒಮ್ಮೆಯೂ ಒತ್ತಿಲ್ಲವಾದರೆ, ಎಣ್ಣೆ ಹಗುರವಾದ್ದರಿಂದ ಬಹುಪಾಲು ಮೇಲೇ ತೇಲುತ್ತಿರುತ್ತದೆ. ಕಾರನ್ನು ಓಡಿಸದೆ ಅಲ್ಲೇ ರಿಸರ್ವಾಯರ್ ಖಾಲಿಮಾಡಿ, ಬಿಚ್ಚಿ ತೊಳೆದು, ಮಾಸ್ಟರ್ ಸಿಲಿಂಡರಿನ ಕಿಟ್ ಬದಲಿಸಿ. ಪೆಡಲ್ ಒತ್ತಿ ಓಡಿಸಿಯಾಗಿದ್ದರೆ ಫ್ಲಶ್, ಅಂದರೆ ಹೊಸ ದ್ರವ ಹರಿಸಿ ಹಳೆಯದನ್ನು ಹೊರದೂಡುವುದು, ಸಾಲದು. ಪೈಪುಗಳನ್ನು ಆಲ್ಕೊಹಾಲಿನಿಂದ ತೊಳೆದು ಒಣಗಿಸಿ, ಪ್ರತಿಯೊಂದು ಸೀಲು, ಪ್ರತಿಯೊಂದು ಹೋಸ್, ರಬ್ಬರ್ ಇರುವ ಪ್ರತಿಯೊಂದು ಭಾಗವನ್ನು ಬದಲಿಸಬೇಕು. ಖರ್ಚಿನ ಮಾತು ನಿಜ, ಆದರೆ ಅರ್ಧ ಕೆಲಸ ಮಾಡಿಸಿದವರು 6 ತಿಂಗಳಲ್ಲಿ ಉಳಿದರ್ಧಕ್ಕೆ ಮರಳಿ ಬರುತ್ತಾರೆ.

ಸ್ನೇಹಿತರ ಸಿಟ್ರೋಯೆನ್‌ನಲ್ಲಿ ಹಸಿರು ಎಣ್ಣೆ ಇದೆ. ಬ್ರೇಕಿಗೆ ಎಣ್ಣೆ ಹಾಕಬಾರದು ಅಂದ್ರಲ್ಲ?

ಅದಕ್ಕೆ ಅದೇ ಸರಿ. ಸಿಟ್ರೋಯೆನ್ ಕಂಪನಿ 1960ರ ದಶಕದ ಮಧ್ಯಭಾಗದಲ್ಲಿ ತನ್ನ ಡಿಎಸ್ ಕಾರಿಗೆ ಎಲ್‌ಎಚ್‌ಎಂ ಎಂಬ ಹಸಿರು ಖನಿಜ ತೈಲವನ್ನು ತಂದಿತು. ಅದರ ಸೀಲುಗಳ ರಬ್ಬರ್ ಬೇರೆ, ಭಾಗಗಳಿಗೂ ಹಸಿರು ಗುರುತು. ಅದಕ್ಕೂ ಹಿಂದಿನ ಡಿಎಸ್‌ಗಳದು ಕೆಂಪು ದ್ರವ, ಅದು ಇದಕ್ಕೆ ಹೊಂದದು. ರೋಲ್ಸ್ ರಾಯ್ಸ್‌ನಲ್ಲಿಯೂ ಹೀಗೇ: ಸಿಲ್ವರ್ ಶ್ಯಾಡೋಗೆ ಆರ್‌ಆರ್ 363 ಎಂಬ ಗ್ಲೈಕಾಲ್ ದ್ರವ, 1980ರಲ್ಲಿ ಬಂದ ಸಿಲ್ವರ್ ಸ್ಪಿರಿಟ್‌ಗೆ ಖನಿಜ ತೈಲ. ಅಂಥ ಕಾರಿಗೆ ನಮ್ಮ ಡಾಟ್ 4 ಸುರಿದರೆ, ಅಂಬಾಸಡರಿಗೆ ಇಂಜಿನ್ ಆಯಿಲ್ ಸುರಿದಷ್ಟೇ ಹಾನಿ. ಮುಚ್ಚಳದ ಮೇಲಿನ ಬರಹವನ್ನು ಓದದೆ ಅವುಗಳ ರಿಸರ್ವಾಯರ್ ತೆರೆಯಬೇಡಿ.

ಒಂದೇ ಸರ್ಕ್ಯೂಟಿನ ಹಳೇ ಮಾಸ್ಟರ್ ಸಿಲಿಂಡರ್ ತೆಗೆದು ಎರಡು ಸರ್ಕ್ಯೂಟಿನದು ಹಾಕಿಸಿದರೆ ಕಾರಿನ ಅಸಲಿತನ ಹೋಗುತ್ತಾ?

ಸ್ಪರ್ಧೆಯ ತೀರ್ಪುಗಾರರ ಕಣ್ಣಿಗೆ ಸ್ವಲ್ಪ ಹೋಗಬಹುದು. ಆದರೆ ನಾಲ್ಕೂ ಚಕ್ರಗಳಿಗೆ ದ್ರವದ ಒಂದೇ ಹಾದಿ, ಅಂದರೆ ಒಂದೇ ಸರ್ಕ್ಯೂಟ್, ಇರುವ ಕಾರಿನಲ್ಲಿ ಒಂದು ಹೋಸ್ ಒಡೆದರೂ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಬದಲಿಸುವುದಾದರೆ ಸಿಲಿಂಡರಿನ ವ್ಯಾಸ ಹಳೆಯದಕ್ಕೆ ಹೊಂದಬೇಕು. ದೊಡ್ಡದಾದರೆ ಪೆಡಲ್ ಗಟ್ಟಿಯಾಗಿ ಕಾಲಿನ ಬಲ ಸಾಲದಾಗುತ್ತದೆ, ಸಣ್ಣದಾದರೆ ಪೆಡಲ್ ಕೆಳಗೆ ಇಳಿಯುತ್ತದೆ. ಡ್ರಮ್ ಬ್ರೇಕಿಗೆ ಬೇಕಾದ ಉಳಿಕೆ ಒತ್ತಡದ ಕವಾಟ (ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಅಲ್ಪ ಒತ್ತಡ ಉಳಿಸುವ ಭಾಗ) ಹಳೆಯದರಲ್ಲಿ ಇದ್ದರೆ ಹೊಸದರಲ್ಲಿಯೂ ಇದೆಯೇ ಎಂದು ಅನುಭವಿ ಕುಶಲಕರ್ಮಿಯಿಂದ ಖಚಿತಪಡಿಸಿಕೊಳ್ಳಬೇಕು. ಹಳೆಯ ಸಿಲಿಂಡರನ್ನೇ ಉಳಿಸಿಕೊಳ್ಳುವವರು ಗುಳಿಬಿದ್ದ ಒಳಗೋಡೆಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಸ್ಲೀವ್ ಎಂಬ ತೆಳು ಕೊಳವೆ ಕೂರಿಸಿ ಮೂಲ ವ್ಯಾಸಕ್ಕೆ ತರಿಸಬಹುದು. ಪೈಪುಗಳನ್ನು ಹೊಸದಾಗಿ ಹಾಕುವಾಗ ಬರಿಯ ತಾಮ್ರ ಬೇಡ, ಅದು ಕಂಪನಕ್ಕೆ ಪೆಡಸಾಗಿ ಬಿರಿಯುತ್ತದೆ. ತಾಮ್ರ ಮತ್ತು ನಿಕಲ್ ಮಿಶ್ರಲೋಹದ ಪೈಪ್ ತುಕ್ಕು ಹಿಡಿಯುವುದಿಲ್ಲ, ಬಾಗಿಸಲೂ ಸುಲಭ. ನನ್ನ ಪದ್ಮಿನಿಯಲ್ಲಿ ಅಂಥ ಪೈಪ್, ಹೊಸ ಹೋಸ್‌ಗಳು, ವರ್ಷಕ್ಕೊಮ್ಮೆ ಬದಲಾಗುವ ಡಾಟ್ 4, ಮತ್ತು ಹಳೆಯ ಒಂಟಿ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇವೆ. ಮೂಲದಂತೆ ಉಳಿಸಿಕೊಂಡಿರುವುದರಿಂದ ಪ್ರತಿ ಪ್ರಯಾಣಕ್ಕೆ ಮೊದಲು ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಅದು ಕುಸಿಯುವುದಿಲ್ಲವೆಂದು ನೋಡಿಯೇ ಗೇಟು ದಾಟುತ್ತೇನೆ.